ಹೊಂಗೆ ಮರಕ್ಕೆ ಒಂದು ವರ್ಷದ ವಾಯಿದೆ

ಸೋದರಿಯರೇ, ನಿಮ್ಮ ಮನೆಯ ಮುಂದೆ ಮರ ಇದೆಯೇ? ಇದ್ದರೆ ಈ ಬರಹ ನಿಮಗಾಗಿಯೇ. ಇಲ್ಲದಿದ್ದರೂ ಓದಿ. ಬೀದಿಯಲ್ಲಿ ಯಾರದಾದರೂ ಒಂದು ಮರ ಇದ್ದೇ ಇರುತ್ತದೆ, ಅದರ ಎಲೆ ಗಾಳಿಗೆ ಹಾರಿ ನಿಮ್ಮ ಅಂಗಳಕ್ಕೂ ಬರುತ್ತದೆ. ಆ ಎಲೆಯನ್ನು ನೀವು ಏನು ಮಾಡುತ್ತೀರಿ? ಗುಡಿಸಿ, ಮೂಲೆಗೆ ಒಟ್ಟಿ, ಕಡ್ಡಿ ಗೀರುತ್ತೀರಿ, ಅಲ್ಲವೇ? ನಾನೂ ಇಪ್ಪತ್ತು ವರ್ಷ ಅದನ್ನೇ ಮಾಡಿದವಳು.

ನಮ್ಮ ಮನೆ ಇರುವುದು ಮಂಡ್ಯದಲ್ಲಿ. ಕಾಂಪೌಂಡಿನ ಒಳಗೆ, ಗೇಟಿನ ಪಕ್ಕದಲ್ಲಿ ಒಂದು ಹೊಂಗೆ ಮರ. ಮನೆ ಕಟ್ಟಿದ ವರ್ಷ ನಮ್ಮತ್ತೆ ನೆಟ್ಟದ್ದು. ಅತ್ತೆ ಈಗಿಲ್ಲ, ಮರ ಇದೆ. ಬೇಸಿಗೆಯಲ್ಲಿ ಅದರ ನೆರಳಿಗೆ ಸಮ ಯಾವುದೂ ಇಲ್ಲ. ‘ಹೊಂಗೆ ನೆರಳು ತಾಯಿ ಮಡಿಲು’ ಎಂದು ಅತ್ತೆ ಹೇಳುತ್ತಿದ್ದರು. ಆದರೆ ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡಿಹೋದ ಮೇಲೆ ಯುಗಾದಿಗೆ ಹೊಸ ಚಿಗುರು ಬರುವ ತನಕ ಆ ಮರದ ಕೆಳಗೆ ಪೊರಕೆ ಹಿಡಿದವಳ ಕಷ್ಟ ನಿಮಗೆ ಗೊತ್ತೇ? ಬೆಳಿಗ್ಗೆ ಎರಡು ಮಂಕರಿ, ಸಂಜೆ ಎರಡು ಮಂಕರಿ ಎಲೆ. ಗುಡಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಇನ್ನೊಂದು ಗಾಳಿ, ಇನ್ನೊಂದು ರಾಶಿ.

ಎರಡು ವರ್ಷದ ಹಿಂದೆ ಶಿವರಾತ್ರಿ ಕಳೆದ ವಾರ, ಸಂಜೆ ಆರೂವರೆಗೆ, ಎಂದಿನಂತೆ ರಾಶಿಗೆ ಬೆಂಕಿ ಇಟ್ಟೆ. ಒಳಗಿನ ಎಲೆ ಸ್ವಲ್ಪ ಹಸಿ ಇತ್ತೋ ಏನೋ, ಉರಿ ಏಳಲಿಲ್ಲ, ದಟ್ಟ ಹೊಗೆ ಎದ್ದಿತು. ಗಾಳಿ ಪಕ್ಕದ ಮನೆಯ ಕಡೆಗಿತ್ತು. ನಾನು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ.

ರಾತ್ರಿ ಹತ್ತು ಗಂಟೆಗೆ ಪಕ್ಕದ ಮನೆ ಗೇಟು ದಡಾರನೆ ತೆರೆದ ಸದ್ದು. ಆ ಮನೆಯ ಅಕ್ಕ ಆರು ವರ್ಷದ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಆಟೋ ಹತ್ತುತ್ತಿದ್ದರು. ಮಗುವಿಗೆ ಮೊದಲೇ ಉಬ್ಬಸ ಇತ್ತು. ಆ ದಿನ ಉಸಿರು ಕಟ್ಟಿ ತುಟಿ ಬಣ್ಣಗೆಟ್ಟಿತ್ತಂತೆ. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಮೂಗಿಗೆ ಔಷಧಿಯ ಆವಿ ಹಿಡಿದು ಬೆಳಿಗ್ಗೆ ಕಳಿಸಿದರು. ಮನೆಗೆ ಬಂದ ಅಕ್ಕ ಕೂಗಾಡಲಿಲ್ಲ. ಗೋಡೆಯ ಆಚೆ ನಿಂತು ಇಷ್ಟೇ ಹೇಳಿದರು: “ನೋಡಮ್ಮ, ನಿಮ್ಮ ಮರ ನಿಮಗೆ ನೆರಳು, ನಮಗೆ ಹೊಗೆ. ಕಡಿಸಿಬಿಡಿ.”

ನಮ್ಮ ಯಜಮಾನರಿಗೂ ಅದೇ ಸರಿ ಎನಿಸಿತು. “ನಾಳೆಯೇ ಕೇಳಿಕೊಂಡು ಬರ್ತೀನಿ, ಕಡಿಯೋಕೆ ಏನೇನು ಬೇಕು ಅಂತ” ಎಂದರು. ನನ್ನ ಬಾಯಿಂದ ಹೇಗೆ ಆ ಮಾತು ಬಂತೋ ಕಾಣೆ: “ಅಕ್ಕಾ, ಬರೋ ಶಿವರಾತ್ರಿ ತನಕ ವಾಯಿದೆ ಕೊಡಿ. ಒಂದು ಎಲೇನೂ ಸುಡೋದಿಲ್ಲ, ಒಂದು ಎಲೇನೂ ನಿಮ್ಮ ಅಂಗಳದಲ್ಲಿ ಬಿಡೋದಿಲ್ಲ. ಆಗದಿದ್ದರೆ ನಾನೇ ನಿಂತು ಕಡಿಸ್ತೀನಿ.”

ಮೊದಲ ಗುಂಡಿ, ಮೊದಲ ಸೋಲು

ಮಾತು ಕೊಟ್ಟಿದ್ದಾಯಿತು. ಹಿತ್ತಿಲ ಮೂಲೆಯಲ್ಲಿ 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳದ ಗುಂಡಿ ತೆಗೆಸಿದೆ. ದಿನದಿನದ ಎಲೆಯನ್ನು ತುರುಕಿದೆ. ಎಲೆ ಮಣ್ಣಿಗೆ ಬಿದ್ದರೆ ತಾನಾಗಿಯೇ ಗೊಬ್ಬರವಾಗುತ್ತದೆ ಎಂದು ಯಾರಿಗೆ ಗೊತ್ತಿಲ್ಲ? ಮಿಕ್ಕಿದ ಅನ್ನ, ಹಳಸಿದ ಹುಳಿಯನ್ನೂ ಒಂದು ಬದಿಗೆ ಸುರಿದೆ. ಮೇಲೆ ಮಣ್ಣು ಮುಚ್ಚಿ ಕಾದೆ.

ಏಪ್ರಿಲ್ ಕೊನೆಗೆ ತೆಗೆದು ನೋಡಿದರೆ ಹಾಕಿದ ಎಲೆ ಹಾಕಿದ ಹಾಗೆಯೇ ಇತ್ತು! ಮುಟ್ಟಿದರೆ ಸುಟ್ಟ ಹಪ್ಪಳದಂತೆ ಪುಡಿಯಾಗುತ್ತಿತ್ತು, ಅಷ್ಟೇ. ಅನ್ನ ಸುರಿದ ಬದಿಯಲ್ಲಿ ಮಾತ್ರ ಮೂಗು ಮುಚ್ಚಿಕೊಳ್ಳುವ ನಾತ, ಜೊತೆಗೆ ಹೆಗ್ಗಣ ತೋಡಿದ ಬಿಲ. ಯಜಮಾನರು ಬಂದು ನೋಡಿದರು, ಏನೂ ಅನ್ನದೆ ಒಳಗೆ ಹೋದರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಇಪ್ಪತ್ತು ವರ್ಷ ಸಂಸಾರ ತೂಗಿಸಿದವಳು, ಒಂದು ತಿಪ್ಪೆ ಮಾಡಲು ಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಅಷ್ಟರಲ್ಲಿ ಮಗಳಿಗೆ ರಜ ಬಂತು. ಮದ್ದೂರಿನಲ್ಲಿ ತಂಗಿಯ ಮನೆ, ಮಳವಳ್ಳಿ ಹತ್ತಿರದ ಹಳ್ಳಿಯಲ್ಲಿ ನನ್ನ ತವರು. ಐದು ದಿನ ಹೋಗಿಬರೋಣವೆಂದು ಇಬ್ಬರೂ ಹೊರಟೆವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ತವರಿಗೆ ಹೋಗಲು ಗಂಡನ ಜೇಬು ನೋಡಬೇಕಾಗಿಲ್ಲ. ಈ ಐದು ದಿನದಲ್ಲಿ ನನಗೆ ಗೊಬ್ಬರದ ಪಾಠ ಸಿಗುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಮದ್ದೂರಿನ ದಾರಿಯಲ್ಲಿ

ಮಂಡ್ಯದಿಂದ ಮದ್ದೂರಿಗೆ ಸುಮಾರು 20 ಕಿಲೋಮೀಟರು. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ಹಸಿರಾದ ಸೀಮೆ ಇದು. ಎರಡು ಕಡೆಯೂ ಕಬ್ಬು, ಭತ್ತ, ತೆಂಗು. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ರಸ್ತೆ ಅಗಲವಾಗುವಾಗ ನಾನು ಚಿಕ್ಕಂದಿನಿಂದ ನೋಡಿದ್ದ ಸಾಲುಮರಗಳು ಎಷ್ಟೋ ಹೋದವು. ಬಸ್ಸಿನ ಕಿಟಕಿಯಿಂದ ನೋಡುತ್ತಾ, ನಮ್ಮ ಗೇಟಿನ ಮರವೂ ಹೀಗೆಯೇ ಒಂದು ದಿನ ಇರುವುದಿಲ್ಲವೇನೋ ಎನಿಸಿ ಹೊಟ್ಟೆಯಲ್ಲಿ ಕಲಕಿದಂತಾಯಿತು.

ದಾರಿಯಲ್ಲಿ ಎರಡು ಮೂರು ಕಡೆ ಹೊಗೆ ಕಂಡಿತು. ಕಟಾವಾದ ಗದ್ದೆಯಲ್ಲಿ ಕಬ್ಬಿನ ತರಗು ಸುಡುತ್ತಿದ್ದರು. ನನ್ನ ಮಗಳು, “ಅಮ್ಮಾ, ನೀನು ಒಂದು ಮಂಕರಿ ಸುಟ್ಟೆ ಅಂತ ಅಳ್ತೀಯ, ಇಲ್ಲಿ ನೋಡು ಎಕರೆಗಟ್ಟಲೆ” ಎಂದಳು. ಅದು ಸಮಾಧಾನವೋ ಚುಚ್ಚುಮಾತೋ ತಿಳಿಯಲಿಲ್ಲ.

ಮದ್ದೂರು ಎಂದರೆ ನಿಮಗೆಲ್ಲ ವಡೆ ನೆನಪಾಗುತ್ತದೆ. ನಾವೂ ತಂದೆವು, ತಿಂದೆವು. ಆ ಮಾತು ಇನ್ನೊಮ್ಮೆ ಆಗಲಿ. ತಂಗಿಯ ಮಗ ಕೃಷಿ ಪದವಿ ಓದುತ್ತಿದ್ದಾನೆ. ರಾತ್ರಿ ಊಟವಾದ ಮೇಲೆ ನನ್ನ ಗುಂಡಿಯ ಕಥೆ ಹೇಳಿದೆ. ನಗದೆ ಕೇಳಿದ, ಅದಕ್ಕೇ ಅವನ ಮೇಲೆ ನನಗೆ ಪ್ರೀತಿ.

“ದೊಡ್ಡಮ್ಮಾ, ನಿಮ್ಮ ಗುಂಡಿ ನಮ್ಮ ಬೆಂಗಳೂರಿಂದೇ” ಎಂದ. ಇಂದೋರಿನಲ್ಲಿ 1924ರಿಂದ 1931ರವರೆಗೆ ಕೆಲಸ ಮಾಡಿದ ಆಲ್ಬರ್ಟ್ ಹೋವಾರ್ಡ್ ಎಂಬ ವಿಜ್ಞಾನಿ ನಮ್ಮ ರೈತರ ತಿಪ್ಪೆಯನ್ನೇ ನೋಡಿ ಕಲಿತು, ಅದನ್ನು ತಿದ್ದಿ ಒಂದು ಪದ್ಧತಿ ಮಾಡಿದರಂತೆ. ಕಸಕಡ್ಡಿ, ಸಗಣಿ, ಮಣ್ಣು ಇವನ್ನು ಪದರಪದರವಾಗಿ ಹಾಕಿ ಆಗಾಗ ತಿರುವಿ ಹಾಕಿದರೆ ಮೂರು ನಾಲ್ಕು ತಿಂಗಳಿಗೆ ಗೊಬ್ಬರ. ಅದು ಇಂದೋರ್ ಪದ್ಧತಿ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯ ಅವರು ಇನ್ನೊಂದು ಮಾಡಿದರು. ಗುಂಡಿಯಲ್ಲಿ ಪದರಪದರವಾಗಿ ತುಂಬಿ, ಮಣ್ಣು ಮೆತ್ತಿ ಮುಚ್ಚಿ, ತಿರುವದೆ ಆರೆಂಟು ತಿಂಗಳು ಬಿಡುವುದು. ಅದು ಬೆಂಗಳೂರು ಪದ್ಧತಿ. “ನೀವು ಮುಚ್ಚಿದ್ದೇನೋ ಬೆಂಗಳೂರಿನ ಹಾಗೆ. ಆದರೆ ಸಗಣಿಯೂ ಇಲ್ಲ, ನೀರೂ ಇಲ್ಲ. ಒಣಗಿದ ಎಲೆಯಲ್ಲಿ ಇಂಗಾಲ ಜಾಸ್ತಿ, ಸಾರಜನಕ ಕಡಿಮೆ. ಸೂಕ್ಷ್ಮಜೀವಿಗೆ ಹೆಚ್ಚುಕಡಿಮೆ 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಬೇಕು.”

ನನಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ನನ್ನ ಮುಖ ನೋಡಿ ಅವನು, “ನಾಳೆ ಕೊಕ್ಕರೆಬೆಳ್ಳೂರಿಗೆ ಕರ್ಕೊಂಡು ಹೋಗ್ತೀನಿ, ಅಲ್ಲಿ ತೋರಿಸ್ತೀನಿ” ಎಂದ.

ಕೊಕ್ಕರೆಬೆಳ್ಳೂರಿನ ಹುಣಸೆ ಮರಗಳು

ಮದ್ದೂರು ತಾಲ್ಲೂಕಿನ ಈ ಊರನ್ನು ನೀವು ನೋಡಿಲ್ಲದಿದ್ದರೆ ಒಮ್ಮೆ ಹೋಗಿ. ಡಿಸೆಂಬರಿನಿಂದ ಬೇಸಿಗೆಯವರೆಗೆ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ, ಅರಳಿ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುತ್ತವೆ. ಕಾಡಿನಲ್ಲಲ್ಲ, ಮನೆಗಳ ನೆತ್ತಿಯ ಮೇಲೆಯೇ! ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ, ಮೇಲೆ ಅಷ್ಟುದ್ದ ಕೊಕ್ಕಿನ ಹಕ್ಕಿ ಮರಿಗೆ ಮೀನು ಕೊಡುತ್ತಿರುತ್ತದೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಆದರೆ ಊರಿನವರು ಹಕ್ಕಿಗಳನ್ನು ಕಾಯಲು ಸರ್ಕಾರದ ಕಾಗದಕ್ಕೆ ಕಾದವರಲ್ಲ. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಇವು ಎನ್ನುವುದು ಅವರ ನಂಬಿಕೆ.

ನಾವು ನಿಂತಿದ್ದ ಮರದ ಕೆಳಗೆ ನೆಲವೆಲ್ಲ ಸುಣ್ಣ ಚೆಲ್ಲಿದಂತೆ ಹಿಕ್ಕೆ. ಎಲೆ, ಕಡ್ಡಿ, ಮೀನಿನ ಚೂರು, ನಾತವೂ ಇತ್ತು. ಮನೆ ಮುಂದೆ ಕೂತಿದ್ದ ಒಬ್ಬ ಅಜ್ಜಿಯನ್ನು ಕೇಳಿದೆ: “ಇದೆಲ್ಲ ಗಲೀಜು ಅನ್ನಿಸಲ್ವಾ ಅಜ್ಜಿ?”

“ಗಲೀಜಾ? ಇದು ಚಿನ್ನ ಕಣವ್ವ” ಎಂದಿತು ಅಜ್ಜಿ. ಮರದ ಸುತ್ತ ಗುಂಡಿ ತೆಗೆದು, ಅದರಲ್ಲಿ ಬಿದ್ದ ಹಿಕ್ಕೆಗೆ ಕೆರೆಗೋಡು ಬೆರೆಸಿ ಹೊಲಗದ್ದೆಗೆ ಹಾಕುವುದು ಆ ಊರಿನ ಹಳೆಯ ರೂಢಿಯಂತೆ. ತಂಗಿಯ ಮಗ ಅಲ್ಲೇ ಒಂದು ಕಡ್ಡಿಯಿಂದ ನೆಲ ಕೆದಕಿದ. ಹಿಕ್ಕೆ ಬಿದ್ದ ಜಾಗದ ಎಲೆ ಕಪ್ಪಗೆ ಕರಗಿ ಮಣ್ಣಾಗಿತ್ತು. ನಾಲ್ಕು ಮಾರು ಆಚೆ, ಹಕ್ಕಿಯಿಲ್ಲದ ಮರದ ಕೆಳಗೆ, ಎಲೆ ಎಲೆಯಾಗಿಯೇ ಇತ್ತು. “ಇದೇ ದೊಡ್ಡಮ್ಮ ಸಾರಜನಕ. ನಿಮ್ಮ ಮನೇಲಿ ಹಕ್ಕಿ ಇಲ್ಲ, ಸಗಣಿ ಹಾಕಿ.” ರಾತ್ರಿಯ ಲೆಕ್ಕ ಆಗ ನನ್ನ ತಲೆಗೆ ಹೋಯಿತು.

ಅಜ್ಜಿ ಇನ್ನೊಂದು ಮಾತು ಹೇಳಿತು. ಹುಣಸೆ ಹಣ್ಣು ಬಡಿಯುವ ಕಾಲಕ್ಕೇ ಹಕ್ಕಿ ಗೂಡಿನಲ್ಲಿರುತ್ತದೆ. ಮರ ಅಲುಗಿಸಿದರೆ ಮರಿ ಕೆಳಗೆ ಬೀಳುತ್ತದೆ. ಅದಕ್ಕೆ ಆ ಮರಗಳ ಫಸಲನ್ನೇ ಬಿಟ್ಟುಕೊಡುತ್ತಾರೆ. ಅರಣ್ಯ ಇಲಾಖೆಯಿಂದ ಅಷ್ಟಿಷ್ಟು ಪರಿಹಾರ ಬರುವುದುಂಟು. ಹಕ್ಕಿಗಾಗಿ ಹಣ್ಣು ಬಿಡುವ ಜನ ಇವರು. ನಾವೋ, ಎಲೆ ಉದುರುತ್ತದೆಂದು ಮರವನ್ನೇ ಕಡಿಸಲು ಹೊರಟವರು. ನಾನು ತಲೆ ತಗ್ಗಿಸಿಕೊಂಡು ಬಂದೆ.

ಮಳವಳ್ಳಿಯಲ್ಲಿ ಅವ್ವನ ಪಾಠ

ಮರುದಿನ ಮದ್ದೂರಿನಿಂದ ಭಾರತೀನಗರದ ಮೇಲೆ ಮಳವಳ್ಳಿ ಬಸ್ಸು ಹತ್ತಿದೆವು. ಭಾರತೀನಗರವೆಂದರೆ ಕೆ.ಎಂ. ದೊಡ್ಡಿ; ಅಲ್ಲೂ ಸಕ್ಕರೆ ಕಾರ್ಖಾನೆ ಇದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕೂಳೆ ಕಬ್ಬಿನ ಬೇಸಾಯದವಳು. ತರಗು ಸುಡುವ ಮಾತು ಬಂದಾಗ ಅವಳೆಂದಳು: “ನಾವೂ ಸುಡ್ತಿದ್ದೋ ಕಣಕ್ಕ. ಈಗ ಸಾಲಿನ ಮಧ್ಯೆ ಹರಡ್ತೀವಿ. ಕಳೆ ಕಮ್ಮಿ, ನೀರು ಬೇಗ ಆರಲ್ಲ, ಮಳೆಗಾಲ ಕಳೆಯೋವತ್ಗೆ ಮಣ್ಣಲ್ಲಿ ಮಣ್ಣು.” ಎಕರೆಗಟ್ಟಲೆ ತರಗನ್ನು ಇವಳು ಸುಡದೆ ನಿಭಾಯಿಸುವಾಗ ನನಗೆ ಒಂದು ಮರದ ಎಲೆ ಹೆಚ್ಚೇ?

ನನ್ನ ತವರು ರೇಷ್ಮೆಯ ಮನೆ. ಮಳವಳ್ಳಿ ಸೀಮೆಯಲ್ಲಿ ಹಿಪ್ಪುನೇರಳೆ ಹೊಸದಲ್ಲ. ಹುಳು ಮೇಯಿಸುವ ಮನೆಯಲ್ಲಿ ಏನೂ ಕಸ ಎನ್ನುವುದಿಲ್ಲ. ಹುಳು ತಿಂದು ಬಿಟ್ಟ ಸೊಪ್ಪು, ಕಡ್ಡಿ, ಹಿಕ್ಕೆ ಎಲ್ಲವೂ ತಿಪ್ಪೆಗೆ. ತಿಪ್ಪೆಯ ಗೊಬ್ಬರ ಮತ್ತೆ ಹಿಪ್ಪುನೇರಳೆ ತೋಟಕ್ಕೆ. ತೋಟದ ಸೊಪ್ಪು ಮತ್ತೆ ಹುಳುವಿಗೆ. ನನ್ನಜ್ಜಿ ದೀಪಾವಳಿಯಲ್ಲಿ ತಿಪ್ಪೆಗೂ ಒಂದು ದೀಪ ಇಡುತ್ತಿದ್ದಳು. ನಾವು ಹುಡುಗಿಯರು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಪೇಟೆಗೆ ಮದುವೆಯಾಗಿ ಹೋದ ಮೇಲೆ ತಿಪ್ಪೆ ಎಂದರೆ ಬೈಗುಳವಾಯಿತು.

ಅವ್ವನಿಗೆ ಎಪ್ಪತ್ತು ದಾಟಿದೆ. ನನ್ನ ಗುಂಡಿಯ ಕಥೆ ಕೇಳಿ, “ಎಲೆ ತಾನಾಗೆ ಕೊಳೀತದಾ ಮಗಾ? ಅದನ್ನ ಉಣ್ಣೋವು ಬಂದು ಉಂಡ್ರೆ ತಾನೆ? ನೀನು ಎಲೆ ಹಾಸಿ ಮಡಗಿದ್ದೀಯೆ, ಉಣ್ಣೋರನ್ನ ಕರೆದಿಲ್ಲ, ಕುಡಿಯಕ್ಕೆ ನೀರೂ ಇಟ್ಟಿಲ್ಲ” ಎಂದಳು. ಪದವಿ ಓದುವ ಹುಡುಗ ಹೇಳಿದ್ದನ್ನೇ ಓದು ಬಾರದ ಅವ್ವ ಊಟದ ಮಾತಿನಲ್ಲಿ ಹೇಳಿದಳು.

ಹಿತ್ತಿಲಿಗೆ ಕರೆದುಕೊಂಡು ಹೋಗಿ ಕೈಯಲ್ಲೇ ತೋರಿಸಿದಳು. ಎಲೆಯನ್ನು ಹಾಗೇ ಹಾಕಬಾರದು, ಕಾಲಲ್ಲಿ ತುಳಿದು ಮುರಿಯಬೇಕು. ಇಲ್ಲದಿದ್ದರೆ ಒಂದರ ಮೇಲೊಂದು ಅಂಟಿ ಮುತ್ತುಗದ ಎಲೆಯ ಕಟ್ಟಿನಂತೆ ಕೂರುತ್ತವೆ. ಸಗಣಿಯನ್ನು ಉಂಡೆ ಹಾಕಬಾರದು, ನೀರಿಗೆ ಕಲಸಿ ಬಗ್ಗಡ ಮಾಡಿ ಚೆಲ್ಲಬೇಕು. ಎಲ್ಲಕ್ಕಿಂತ ಮುಖ್ಯ, ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಬರಬೇಕು. ಹನಿಯೇ ಬರದಿದ್ದರೆ ಒಣಗಿದೆ, ಧಾರೆಯಾಗಿ ಬಂದರೆ ನಾರುತ್ತದೆ. “ರೊಟ್ಟಿ ಹಿಟ್ಟಿನ ಹದ ಗೊತ್ತಿಲ್ವಾ ನಿಂಗೆ? ಹಂಗೇ ಇದೂ ಒಂದು ಹದ.”

ತವರಿನಲ್ಲಿ ಮೂರು ದಿನ ಇದ್ದೆವು. ಒಂದು ದಿನ ತಮ್ಮ ಎಲ್ಲರನ್ನೂ ಹಲಗೂರಿನ ಮೇಲೆ ಮುತ್ತತ್ತಿಗೆ ಕರೆದೊಯ್ದ. ಸೀತಾದೇವಿಯ ಮುತ್ತಿನ ಉಂಗುರ ಕಾವೇರಿಯಲ್ಲಿ ಬಿದ್ದಾಗ ಹನುಮಂತ ಹುಡುಕಿ ಕೊಟ್ಟ ಜಾಗ ಎಂದು ಹೇಳುತ್ತಾರೆ. ಮುತ್ತತ್ತಿರಾಯನ ದರ್ಶನ ಮಾಡಿ ಹೊಳೆ ದಂಡೆಯ ಮರಗಳ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಇದು 1987ರಿಂದ ಕಾವೇರಿ ವನ್ಯಜೀವಿ ಧಾಮಕ್ಕೆ ಸೇರಿದ ಕಾಡು. ಇಲ್ಲಿ ಪೊರಕೆ ಹಿಡಿಯುವವರು ಯಾರೂ ಇಲ್ಲ. ನಾನು ಒಂದು ಕಡ್ಡಿ ತೆಗೆದುಕೊಂಡು ಎಲೆ ಸರಿಸಿದೆ. ಮೇಲೆ ಈ ವರ್ಷದ ಎಲೆ ಗರಿಗರಿ. ಅದರ ಕೆಳಗೆ ನರ ಮಾತ್ರ ಉಳಿದ ಎಲೆ, ಬಿಳಿ ನೂಲಿನಂಥ ಬೂಸ್ಟು. ಅದರ ಕೆಳಗೆ ಕಪ್ಪು, ತಣ್ಣಗಿನ, ಮೊದಲ ಮಳೆಯ ವಾಸನೆಯ ಮಣ್ಣು. ಮರ ತನ್ನ ಊಟವನ್ನು ತಾನೇ ಕೆಳಗೆ ಬಡಿಸಿಕೊಳ್ಳುತ್ತದೆ. ನಾವು ಪ್ರತಿ ವರ್ಷ ಆ ಎಲೆ ತೆಗೆದು ಸುಟ್ಟು, ಆಮೇಲೆ ಅಂಗಡಿಯಿಂದ ಗೊಬ್ಬರದ ಚೀಲ ತರುತ್ತೇವೆ!

(ಆ ಕಾಡಿನಿಂದ ಒಂದು ಹಿಡಿ ಮಣ್ಣನ್ನೂ ನಾನು ತರಲಿಲ್ಲ, ತರಬಾರದು. ಅವ್ವನ ತೋಟದ ಬದುವಿನ ಮಾವಿನ ಮರದ ಬುಡದಿಂದ ಎರಡು ಬೊಗಸೆ ಮಣ್ಣು ಕಟ್ಟಿಕೊಂಡು ಬಂದೆ. ಹಾಲಿಗೆ ಹೆಪ್ಪು ಹಾಕುವಂತೆ ಅದು ಗುಂಡಿಗೆ ಹೆಪ್ಪು.)

ಎರಡನೆಯ ಗುಂಡಿ

ಮೇ ಎರಡನೇ ವಾರ ಮತ್ತೆ ಶುರು ಮಾಡಿದೆ. ಬೇಕಾದ್ದು, ಮಾಡಿದ್ದು ಇಷ್ಟು, ಅಡಿಗೆ ಹೇಳಿದ ಹಾಗೆಯೇ ಹೇಳುತ್ತೇನೆ:

ಒಣ ಎಲೆ 3 ಮಂಕರಿಗೆ ಹಸಿಯದು 1 ಮಂಕರಿ. ಹಸಿ ಎಂದರೆ ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಬೀಜ ಕಟ್ಟದ ಕಳೆ, ಬಾಡಿದ ಹೂವು. 10 ಲೀಟರ್ ನೀರಿಗೆ 2 ಕಿಲೋ ಸಗಣಿ ಕಲಸಿದ ಬಗ್ಗಡ. ಅದಕ್ಕೆ ನಿಂಬೆ ಗಾತ್ರದ ಬೆಲ್ಲ. ಬೆಲ್ಲಕ್ಕೆ ಮಂಡ್ಯದಲ್ಲಿ ಬರವೇ?

ಗುಂಡಿಯ ತಳಕ್ಕೆ ಗಾಳಿಯಾಡಲು ತೊಗರಿ ಕಡ್ಡಿ ಹಾಸಿದೆ. ಅದರ ಮೇಲೆ ಅರ್ಧ ಅಡಿ ಪುಡಿ ಮಾಡಿದ ಎಲೆ, ಎರಡು ಅಂಗುಲ ಹಸಿಯದು, ಮೇಲೆ ಬಗ್ಗಡ ಚಿಮುಕಿಸಿ, ಒಂದು ಹಿಡಿ ಮಣ್ಣು ಉದುರಿಸಿದೆ. ಮತ್ತೆ ಎಲೆ, ಮತ್ತೆ ಹಸಿಯದು. ನೆಲದ ಮಟ್ಟಕ್ಕಿಂತ ಒಂದು ಅಡಿ ಮೇಲಕ್ಕೆ ಒಟ್ಟಿ, ಒದ್ದೆ ಗೋಣಿ ಹೊದಿಸಿದೆ. ಮಣ್ಣು ಮೆತ್ತಲಿಲ್ಲ. ಈ ಸಲ ಇಂದೋರಿನ ಹಾಗೆ ತಿರುವಿ ಹಾಕುವ ಯೋಚನೆ.

ನಾಲ್ಕನೇ ದಿನ ತಂಗಿಯ ಮಗ ಹೇಳಿಕೊಟ್ಟಂತೆ ಒಂದು ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದೆ. ಹಿಡಿಯಲಾರದಷ್ಟು ಬಿಸಿ! ಉಣ್ಣುವವರು ಬಂದಿದ್ದರು. ಯಜಮಾನರನ್ನು ಕೂಗಿದೆ. ಅವರೂ ಸರಳು ಮುಟ್ಟಿ ಕೈ ಕೊಡವಿಕೊಂಡರು. “ಬೆಂಕಿ ಇಲ್ಲದೆ ಬೇಯ್ತಾ ಇದೆಯಲ್ಲೇ!” ಎಂದರು. ಅಂದಿನಿಂದ ಗುಂಡಿ ತಿರುವಲು ಗುದ್ದಲಿ ಹಿಡಿದವರು ಅವರೇ. ಹದಿನೈದು ದಿನಕ್ಕೊಮ್ಮೆ ಎರಡು ಸಲ, ಆಮೇಲೆ ತಿಂಗಳಿಗೊಮ್ಮೆ.

ಎಲ್ಲವೂ ಸುಸೂತ್ರವಾಯಿತೆಂದು ತಿಳಿಯಬೇಡಿ. ಜೂನ್‌ನಲ್ಲಿ ಒಂದು ರಾತ್ರಿ ಸುರಿದ ಮಳೆಗೆ ಗುಂಡಿಯಲ್ಲಿ ನೀರು ನಿಂತು ನಾತ ಹೊಡೆಯಿತು. ಪಕ್ಕದ ಮನೆಯ ಅಕ್ಕ ಕಿಟಕಿ ಹಾಕಿಕೊಂಡ ಸದ್ದು ಕೇಳಿ ನನ್ನ ಜೀವ ಬಾಯಿಗೆ ಬಂತು. ಅರ್ಧ ಹೊರಗೆ ತೋಡಿ ಹರಡಿ, ಗೋಣಿಯಲ್ಲಿ ಎತ್ತಿಟ್ಟಿದ್ದ ಒಣ ಎಲೆ ಬೆರೆಸಿ, ಸುತ್ತ ಬದು ಕಟ್ಟಿ, ಮೇಲೆ ತೆಂಗಿನ ಗರಿ ಹೊದಿಸಿದೆ. ಮೂರು ದಿನಕ್ಕೆ ನಾತ ಹೋಯಿತು. ಒಣ ಎಲೆಯನ್ನು ಒಂದೆರಡು ಚೀಲ ಯಾವಾಗಲೂ ಕೂಡಿಟ್ಟಿರಿ ಎಂದು ಅದಕ್ಕೇ ಹೇಳುವುದು.

ದೀಪಾವಳಿಗೆ ಎರಡು ದಿನ ಮುಂಚೆ ಗುಂಡಿ ತೆಗೆದೆವು. ತಲೆಯೆತ್ತರ ಅನ್ನಿಸಿದ್ದ ರಾಶಿ ಕುಗ್ಗಿ ಮೂರನೇ ಒಂದು ಪಾಲಾಗಿತ್ತು. ಕಪ್ಪಗೆ, ಉದುರುದುರಾಗಿ, ಮುತ್ತತ್ತಿಯಲ್ಲಿ ಮೂಗಿಗೆ ಬಡಿದ ಅದೇ ವಾಸನೆ. ಜರಡಿ ಹಿಡಿದರೆ ಮೂರು ಗೋಣಿ. ಹಬ್ಬದ ಸಂಜೆ, ನಮ್ಮಜ್ಜಿಯನ್ನು ನೆನೆದು, ಗುಂಡಿಯ ಅಂಚಿಗೂ ಒಂದು ಹಣತೆ ಇಟ್ಟೆ. ಮಗಳು ನಗಲಿಲ್ಲ.

ವಾಯಿದೆ ಮುಗಿದ ದಿನ

ಅಕ್ಕನ ಮನೆಯ ಕುಂಡಗಳಲ್ಲಿ ಮಲ್ಲಿಗೆ ಬಳ್ಳಿ ಸೊರಗಿ ನಿಂತಿತ್ತು. ಒಂದು ಬಕೆಟ್ ಗೊಬ್ಬರ ಒಯ್ದುಕೊಟ್ಟೆ. ತೆಗೆದುಕೊಂಡರು, ಬಕೆಟ್ ತೊಳೆದು ವಾಪಸು ಕೊಟ್ಟರು. ಬೇರೆ ಮಾತಿಲ್ಲ. ನಮ್ಮ ಹಿತ್ತಿಲಲ್ಲಿ ದಂಟಿನ ಸೊಪ್ಪು, ಬದನೆ ಚೆನ್ನಾಗಿ ಬಂತು; ಆ ಚಳಿಗಾಲದಲ್ಲಿ ಉಪ್ಸಾರಿಗೆ ಸೊಪ್ಪು ಕೊಂಡವಳಲ್ಲ ನಾನು.

ಶಿವರಾತ್ರಿ ಬಂತು, ಎಲೆ ಉದುರತೊಡಗಿತು. ಹಬ್ಬದ ಮರುದಿನ ನಾನೇ ಹೋಗಿ ಕೇಳಿದೆ: “ಅಕ್ಕಾ, ವಾಯಿದೆ ಮುಗೀತು. ಏನು ಹೇಳ್ತೀರಿ?”

ಅವರು ಮರವನ್ನೊಮ್ಮೆ ನೋಡಿದರು. “ನಮ್ಮ ತಾರಸಿ ಕಡೆ ಬಾಗಿರೋ ಎರಡು ಕೊಂಬೆ ಸವರಿಸಮ್ಮ. ಮರ ಇರಲಿ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಮಲ್ಲಿಗೆ ಮೊಗ್ಗು ಬಂದೈತೆ” ಎಂದರು. ಆ ರಾತ್ರಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಿ ಕ್ಷಮೆ ಕೇಳಬೇಕಿತ್ತೇನೋ ಎಂದು ಈಗಲೂ ಅನ್ನಿಸುತ್ತದೆ.

ಮಗುವಿನ ಉಬ್ಬಸ ಪೂರ್ತಿ ಹೋಗಿಲ್ಲ. ಧೂಳು, ಥಂಡಿ ಎಲ್ಲದಕ್ಕೂ ಬರುತ್ತದೆ, ಔಷಧಿ ನಡೆದಿದೆ. ನಮ್ಮ ಬೀದಿಯಲ್ಲಿ ಈಗಲೂ ಎಲೆ ಸುಡುವವರಿದ್ದಾರೆ. ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ನಿಷೇಧಿಸಿ, 5,000 ರೂಪಾಯಿ ದಂಡ ಹೇಳಿತ್ತೆಂದು ಎಷ್ಟು ಜನರಿಗೆ ಗೊತ್ತು? ಆದರೆ ದಂಡದ ಮಾತು ಹೇಳಿ ನಾನು ಯಾರ ಮನಸ್ಸನ್ನೂ ತಿರುಗಿಸಲಾರೆ. ಒಂದು ಬಕೆಟ್ ಗೊಬ್ಬರ ಕೊಟ್ಟು ಎರಡು ಮನೆಯವರನ್ನು ತಿರುಗಿಸಿದ್ದೇನೆ. ಮೂರನೆಯವರು ಮೊನ್ನೆ ಗುಂಡಿಯ ಅಳತೆ ಕೇಳಿಕೊಂಡು ಹೋದರು.

ನೀವೂ ಮಾಡುವುದಾದರೆ ನೆನಪಿಡಿ

• ಹೊಂಗೆ, ಗೊಬ್ಬರದ ಗಿಡ, ನುಗ್ಗೆ ಎಲೆ ಬೇಗ ಕೊಳೆಯುತ್ತವೆ. ಮಾವು, ಹಲಸು, ತೇಗದ ಎಲೆ ದಪ್ಪ. ಚೂರು ಮಾಡಿ, ಹೆಚ್ಚು ಕಾಲ ಬಿಡಿ. ನೀಲಗಿರಿ ಎಲೆ ಬೇಡ.

• ಎಣ್ಣೆ ಬೆರೆತ ಅಡಿಗೆ, ಅನ್ನ, ಮಾಂಸ, ಮೂಳೆ, ರೋಗ ಬಿದ್ದ ಗಿಡ, ಪ್ಲಾಸ್ಟಿಕ್ ಹಾಕಬೇಡಿ. ಹೆಗ್ಗಣಕ್ಕೆ ನೀವೇ ಕರೆಯೋಲೆ ಕೊಟ್ಟಂತಾಗುತ್ತದೆ.

• ಸಗಣಿ ಸಿಗದ ಪೇಟೆಯವರು ಹೊಂಗೆ ಹಿಂಡಿ ಅಥವಾ ಕಡಲೆಕಾಯಿ ಹಿಂಡಿ ನೆನೆಸಿದ ನೀರು, ಹುಳಿ ಮಜ್ಜಿಗೆ ಬಳಸಬಹುದು.

• ಜಾಗವಿಲ್ಲದವರು ಸುತ್ತ ತೂತು ಮಾಡಿದ ಹಳೆಯ ಡ್ರಮ್ಮಿನಲ್ಲೋ ಗೋಣಿ ಚೀಲದಲ್ಲೋ ಮಾಡಿ. ಹದ ಅದೇ.

• ಬೇರೇನೂ ಬೇಡ, ತಿರುವಲೂ ಆಗದು ಎನ್ನುವವರು ಎಲೆಯನ್ನು ಒದ್ದೆ ಮಾಡಿ ನೆರಳಿನಲ್ಲಿ ಒಟ್ಟಿ, ಆಗಾಗ ನೀರು ಚಿಮುಕಿಸಿ. ನಿಧಾನವಾಗಿ, ಒಂದು ವರ್ಷಕ್ಕೆ ಅದೂ ಗೊಬ್ಬರವೇ.

• ಅರ್ಧ ಕೊಳೆತದ್ದನ್ನು ಗಿಡದ ಬುಡಕ್ಕೆ ಬೆರೆಸಬೇಡಿ, ಗಿಡ ಹಳದಿಯಾಗುತ್ತದೆ. ಪೂರ್ತಿ ಆದ ಮೇಲೆ ಕುಂಡಕ್ಕೆ 2 ಪಾಲು ಮಣ್ಣು, 1 ಪಾಲು ಗೊಬ್ಬರ.

• ರಾಶಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ. ಚೇಳು, ಹಾವು ತಂಪು ಹುಡುಕಿಕೊಂಡು ಬರುವುದುಂಟು.

ಇದನ್ನು ಬರೆಯುವ ಹೊತ್ತಿಗೆ ನಮ್ಮ ಹೊಂಗೆಯಲ್ಲಿ ಹೂವು ಬಂದಿದೆ. ಅಂಗಳವೆಲ್ಲ ಬಿಳಿ, ನಸುಗೆಂಪು ಪಕಳೆ. ಪಕ್ಕದ ಮನೆಯ ಮೊಮ್ಮಗ ಚಿಕ್ಕ ಮಂಕರಿ ಹಿಡಿದು, “ಅಜ್ಜೀ, ಇದೂ ಗುಂಡಿಗೆ ಹಾಕ್ಬೋದಾ?” ಎಂದು ಗೋಡೆಯಾಚೆ ಕೂಗಿ ಕೇಳುತ್ತಿದ್ದಾನೆ. ಹಾಕಬಹುದು ಮಗು, ಧಾರಾಳವಾಗಿ ಹಾಕಬಹುದು.